ಇವಳಿಗೆ ಕೇಳಿಸುವ ಗಿಟಾರ್

ಮಾರ್ಚ್ 3, ಬೆಳಿಗ್ಗೆ

ಊಟದ ಮೇಜಿನ ಮೇಲೆ ಮತ್ತೆ ಕಂದು ಕಾಗದ ಹಾಸಿದೆ. ಇವಳು ತಿಂಡಿ ತಟ್ಟೆ ಎತ್ತಿಕೊಂಡು ಗೋಡೆ ಪಕ್ಕದ ಸ್ಟೂಲಿಗೆ ವಲಸೆ ಹೋದಳು. ಹೊಸ ಗಿಟಾರಿನ ಸೊಂಟದ ಗೆರೆ ಎಳೆದದ್ದು, ಅಳಿಸಿದ್ದು, ಮತ್ತೆ ಎಳೆದದ್ದು. ಮಾಮೂಲಿ ಗಿಟಾರಿನಲ್ಲಿ ತಂತಿ ಮಿಡಿಯುವ ಉದ್ದ ಇಪ್ಪತ್ತೈದೂವರೆ ಇಂಚು. ಇದರದು ಇಪ್ಪತ್ತೇಳು. ಬ್ಯಾರಿಟೋನ್! ಹೆಸರೇ ಕಿರೀಟ ಹೊತ್ತು ಬಂದ ಹಾಗಿದೆ. ಉದ್ದ ಕತ್ತು, ದಪ್ಪ ತಂತಿ, ದೊಡ್ಡ ಹೊಟ್ಟೆ. ದನಿ ಪಾತಾಳದಿಂದ ಎದ್ದು ಬರಬೇಕು.

ಯಾಕೆಂದರೆ ಮೇಲಿನ ದನಿಗಳೆಲ್ಲ ಇವಳನ್ನು ಬಿಟ್ಟು ಹೋದವು. ಮೊದಲು ಹಕ್ಕಿ. ಆಮೇಲೆ ಕಾಲಿಂಗ್ ಬೆಲ್. ಆಮೇಲೆ ನನ್ನ ಹಳೆಯ ಗಿಟಾರ್ — ನಾಟಕ ಮುಗಿದು, ಬಣ್ಣ ಒರೆಸಿಕೊಂಡು, ಇವಳೊಬ್ಬಳಿಗೇ ನುಡಿಸುತ್ತಿದ್ದದ್ದು. ಡಾಕ್ಟರ್ ಇವಳ ಕಿವಿಯ ಗ್ರಾಫ್ ತೋರಿಸಿದರು. ಜಾರುಬಂಡೆ. "ತೆಳು ದನಿ ಮೊದಲು ಹೋಗುತ್ತೆ, ದಪ್ಪ ದನಿ ಕೊನೆಗೆ. ಇನ್ಮೇಲೆ ಕಿವಿಗೆ ಮಿಷಿನ್ ಹಾಕಿದ್ರೂ ಅಷ್ಟಕ್ಕಷ್ಟೆ."

ಕೊನೆಗೆ ಹೋಗುವುದನ್ನಾದರೂ ಹಿಡಿಯೋಣ.

ಇವಳು ನಮ್ಮ ನಾಟಕ ಕಂಪನಿಯ ಪ್ರಾಂಪ್ಟರ್! ಜೀವಮಾನವೆಲ್ಲ ಸೈಡ್ ವಿಂಗಿನ ಕತ್ತಲಲ್ಲಿ ಕೂತು ನನ್ನ ಮಾತನ್ನು ನನಗೇ ಎತ್ತಿಕೊಟ್ಟವಳು. ನನ್ನ ಉಸಿರು ತಪ್ಪಿದರೂ ಗೊತ್ತಾಗುತ್ತಿದ್ದ ಕಿವಿ… ಸದ್ಯ, ನನ್ನ ಗಂಟಲು ಇವಳನ್ನು ಇನ್ನೂ ಮುಟ್ಟುತ್ತದೆ. "ನೀವು ಗುಟ್ಟು ಹೇಳಿದ್ರೂ ಕೊನೇ ಸಾಲಿಗೆ ಕೇಳುತ್ತೆ ರೀ" ಅನ್ನುತ್ತಾಳೆ.

ಮಾರ್ಚ್ 5

ಬಡಗಿಯ ಪ್ರವೇಶ. ಬಗಲಲ್ಲಿ ಒಡೆದ ಪಿಯಾನೋದ ಒಳಹಲಗೆ. ಸ್ಪ್ರೂಸ್ ಮರ — ಗಿಟಾರಿನ ಎದೆಗೆ ಇದೇ ಬೇಕು. ನಕ್ಷೆ ನೋಡಿ ನಿಂತುಬಿಟ್ಟ.

"ಯಜಮಾನ್ರೇ, ಇದು ಗಿಟಾರಾ, ತೊಟ್ಟಿಲಾ?"

"ಈ ವಯಸ್ಸಲ್ಲಿ ತೊಟ್ಟಿಲು ಯಾರಿಗಯ್ಯಾ!"

ನಕ್ಕೆವು. ಇವಳೂ ನಕ್ಕಳು, ಒಂದು ಗಳಿಗೆ ತಡವಾಗಿ. ಹಲಗೆ ಎತ್ತಿ ಹಿಡಿದು, ಇವಳೆದುರು ಬೆರಳಿನ ಗೆಣ್ಣಿನಿಂದ ಬಡಿದೆ. ಗುಂ…

"ಕೇಳಿಸ್ತೇನೇ?"

"ಹ್ಞೂಂ ರೀ. ದೂರದಲ್ಲಿ ನಗಾರಿ ಹೊಡೆದ ಹಾಗಿದೆ."

ನಗಾರಿ! ಇವಳ ಬಾಯಿಂದ! ಬಡಗಿಯ ಬೆನ್ನಿಗೆ ಗುದ್ದಿದೆ. ಪಾಪ, ಕೆಮ್ಮಿದ.

ಮಾರ್ಚ್ 11, ಸಂಜೆ

ದಿನಾ ಹೊರಗಿಂದ ಬಂದಾಗ ಬಾಗಿಲಲ್ಲಿ ನಿಂತು ಗುಡುಗುತ್ತೇನೆ: "ಯಾರಲ್ಲಿ! ಕೋಟೆಯ ಬಾಗಿಲು ತೆರೆಯಲಿ!" ಒಳಗಿಂದ ಇವಳು: "ಬೀಗದ ಕೈ ಮಹಾರಾಣಿಯ ಸೊಂಟದಲ್ಲಿದೆ, ಪ್ರಭು!" ನಮ್ಮ ಮದುವೆಯಷ್ಟೇ ಹಳೆಯ ಮಾತು.

ಇವತ್ತು ಊರೆಲ್ಲ ಅಲೆದು ಸುಸ್ತು. ಬಾಗಿಲು ದಬ್ಬಿ, "ದಪ್ಪ ತಂತಿ ಎಲ್ಲೂ ಸಿಗಲಿಲ್ಲ ಕಣೇ" ಅಂದೆ. ಜೋರಾಗಿಯೇ.

ಅಡುಗೆಮನೆಯಿಂದ, ನಗುನಗುತ್ತ — "ಬೀಗದ ಕೈ ಮಹಾರಾಣಿಯ ಸೊಂಟದಲ್ಲಿದೆ, ಪ್ರಭು!"

ಚಪ್ಪಲಿ ಬಿಡಲಿಲ್ಲ. ನಿಂತೇ ಇದ್ದೆ.

ಮಾರ್ಚ್ 12

ತಮಾಷೆ ಮಾಡಿರಬೇಕು. ಇರಬೇಕು.

ಅಲ್ಲ… ಪ್ರಾಂಪ್ಟರಿಗೆ ನನ್ನ ಮಾತು ಕೇಳಿಸಲೇಬೇಕು ಅಂತೇನಿದೆ? ಬಾಗಿಲು ಅದುರಿದರೆ ಸಾಕು, ಮುಂದಿನದು ಬಾಯಿಪಾಠ. ನಾನಾದರೂ ಈ ಮನೆಯಲ್ಲಿ ಹೊಸ ಮಾತು ಆಡಿ ಎಷ್ಟು ಕಾಲವಾಯಿತು?

ಮಾರ್ಚ್ 29

ತಂತಿ ಕೊನೆಗೂ ಪೋಸ್ಟಿನಲ್ಲಿ ಬಂತು. ಬರೆಯಲು ಕೈ ಬರುತ್ತಿಲ್ಲ. ಬರೆಯುತ್ತೇನೆ.

ಗಿಟಾರ್ ಆಗುವ ಮೊದಲೇ ಒಂದು ಪರೀಕ್ಷೆ. ಪಿಯಾನೋ ಹಲಗೆಯ ಮೇಲೆ ಎರಡು ಕಟ್ಟಿಗೆ ತುಂಡು, ನಡುವೆ ಇಪ್ಪತ್ತೇಳು ಇಂಚು, ಎಲ್ಲಕ್ಕಿಂತ ದಪ್ಪದ ತಂತಿ ಒಂದೇ. ಬಿಗಿದು ಮೀಟಿದೆ. ಭೂಂ! ಮೇಜಿನ ಮೇಲಿನ ಚಮಚ ಗಿರಗಿರ ಅಂದಿತು. ಇವಳು ಎದುರಿಗೇ ಬಟ್ಟೆ ಮಡಿಸುತ್ತಿದ್ದಳು.

"ಇದು ಕೇಳುತ್ತೆ ರೀ!"

ಕಣ್ಣು ನನ್ನ ಬೆರಳ ಮೇಲೆ.

ಮುಖಕ್ಕೆ ಮುಖ ಕೊಟ್ಟು, ತುಟಿ ಬಿಡಿಸಿ ಹೇಳಿದೆ: ಬೆನ್ನು ತಿರುಗಿಸಿ ನುಡಿಸುತ್ತೇನೆ, ಕೇಳಿಸಿದಾಗ ಹೇಳು. ತಲೆಯಾಡಿಸಿದಳು. ತಿರುಗಿ ಕೂತೆ. ಮೊಣಕೈ ಎತ್ತಿದೆ, ಗ್ಯಾಲರಿಯವರಿಗೂ ಕಾಣುವಷ್ಟು ಎತ್ತರಕ್ಕೆ. ಇಳಿಸಿದೆ. ಬೆರಳು ತಂತಿಗೆ ತಾಗಲಿಲ್ಲ. ನಾನೇ ತಾಗಿಸಲಿಲ್ಲ.

"ಕೇಳಿಸ್ತು! ಎಷ್ಟು ಚೆನ್ನಾಗಿದೆ ರೀ!"

ಆಮೇಲೆ ತೋಳು ಅಲುಗದ ಹಾಗೆ, ಒಂದೇ ಬೆರಳಲ್ಲಿ, ನಿಜಕ್ಕೂ ಮೀಟಿದೆ. ಭೂಂ… ಕೋಣೆ ತುಂಬಿ ನಿಂತಿತು ಆ ದನಿ. ನಿಧಾನವಾಗಿ ಸತ್ತಿತು. ಹಿಂದೆ ಟವೆಲ್ ಕೊಡವಿದ ಸದ್ದು, ಅಷ್ಟೆ.

"ಯಾಕ್ರೀ, ಒಂದೇ ಸಲ ನುಡಿಸಿ ಸುಮ್ನಾಗ್ಬಿಟ್ರಿ?"

ಏಪ್ರಿಲ್ 6

ಬಡಗಿ ಬಂದಿದ್ದ. ಗಿಟಾರಿನ ಪಕ್ಕದ ಹಲಗೆಗಳನ್ನು ಬಿಸಿನೀರಲ್ಲಿ ನೆನೆಸಿಟ್ಟಿದ್ದಾನಂತೆ. "ಬಗ್ಗಿಸ್ಲಾ, ಬೇಡ್ವಾ? ಹೇಳಿಬಿಡಿ. ಆಮೇಲೆ ನೆಟ್ಟಗಾಗಲ್ಲ."

ಬೇಡ ಅಂದರೆ ಯಾಕೆ ಬೇಡ ಅಂತ ಇವಳಿಗೆ ತಿಳಿಯುತ್ತದೆ. ಬೇಕು ಅಂದರೆ ಯಾರಿಗೆ? ನನ್ನ ನಾಲಿಗೆ ಬಿದ್ದುಹೋಯಿತು. ಸಾವಿರ ಜನರೆದುರು ಗರ್ಜಿಸಿದ ನಾಲಿಗೆ! ಬಡಗಿಯ ತುಟಿ ನೋಡುತ್ತಿದ್ದ ಇವಳೇ ಎಂದಿನಂತೆ ಎತ್ತಿಕೊಟ್ಟಳು:

"ಬೇಗ ಬಗ್ಗಿಸಪ್ಪಾ. ನಂಗೆ ಕೇಳೋದು ಇನ್ನು ಅದೊಂದೇ."

ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ಗೊತ್ತಾಗಿದೆ ಇವಳಿಗೆ, ನನಗೆ ಗೊತ್ತಾಗಿರುವುದು. ಇಬ್ಬರೂ ವೇಷದಲ್ಲಿದ್ದೇವೆ, ಮುಂದೆ ಒಂದು ಕುರ್ಚಿಯಲ್ಲೂ ಜನವಿಲ್ಲ.

"ಬಗ್ಗಿಸು" ಅಂದೆ.

ಏಪ್ರಿಲ್ 7, ಸಂಜೆ

ಹಲಗೆ ಬಗ್ಗಿತು. ಒಂದು ಕಡೆ ಕೂದಲೆಳೆಯಷ್ಟು ಸೀಳಿದೆ. ಅಂಟು ಹಾಕಿದರೆ ತಡೆದೀತು ಅಂತಾನೆ ಬಡಗಿ. ನೋಡಿ ಬಂದೆ.

ಮನೆ ಬಾಗಿಲಲ್ಲಿ ನಿಂತೆ. ಗುಡುಗಲಿಲ್ಲ. ಬಾಗಿಲನ್ನು ಒಮ್ಮೆ ಅದುರಿಸಿ, ಈ ಜನ್ಮದಲ್ಲಿ ಇವಳಿಗೆ ಆಡದ ಒಂದು ಮಾತು ಆಡಿದೆ. ಯಾವ ನಾಟಕದಲ್ಲೂ ಇಲ್ಲದ್ದು. ಮೆತ್ತಗೆ. ಮೊದಲ ಸಾಲಿಗೂ ಕೇಳಿಸದಷ್ಟು ಮೆತ್ತಗೆ.

ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ ಒಳಗಿಂದ, ಎಂದಿನ ನಗುವಿನಲ್ಲೇ — "ಬೀಗದ ಕೈ ಮಹಾರಾಣಿಯ ಸೊಂಟದಲ್ಲಿದೆ, ಪ್ರಭು!"