ಗಾಳೆಮ್ಮಾಯಿಯ ಹಲ್ಲು

ಯಲಬುರ್ಗಾ ತಾಲೂಕು, ನಮ್ಮೂರು
ತಾ. ೨೦-೧-೧೯೮೦

ಪ್ರೀತಿಯ ತಂಗಿ ಹುಲಿಗೆವ್ವಾ,

ನಿನ್ನ ಮೊಣಕಾಲು ನೋವು ಹೇಗಿದೆ? ಮುನಿರಾಬಾದಿನ ಈ ತಂಡಿಯಲ್ಲಿ ಹೊಳೆಗಿಳಿದು ಬಟ್ಟೆ ಒಗೆಯಬೇಡ ಅಂದರೆ ಕೇಳುವವಳೇ ನೀನು? ನಿನ್ನ ಯಜಮಾನರ ಡ್ಯಾಮಿನ ಕೆಲಸ ಕಾಯಂ ಆಯಿತೆಂದು ತಿಳಿದು ಸಂತೋಷವಾಯಿತು. ಇಲ್ಲಿ ಬಿಳಿಜೋಳ ತೆನೆ ಹಿಡಿದಿದೆ. ಗಂಗಾವತಿ ಕಡೆ ಭತ್ತದ ಕೊಯ್ಲಿಗೆ ಹೋದವನು ಹೋದ ತಿಂಗಳು ಬಂದೆ, ಸೊಂಟ ಇನ್ನೂ ನೆಟ್ಟಗಾಗಿಲ್ಲ.

ಗಾಳೆಮ್ಮಾಯಿ ಸುದ್ದಿ ಯಾಕೆ ಬರೆಯುವುದಿಲ್ಲ ಎಂದು ಎರಡು ಕಾಗದದಲ್ಲಿ ಕೇಳಿದ್ದೀ. ಅವ್ವ ಸತ್ತ ಮೇಲೆ ನಮ್ಮಿಬ್ಬರಿಗೂ ರೊಟ್ಟಿ ಬಡಿದು ಹಾಕಿದ ಮುದುಕಿ, ಕೇಳದೆ ಏನು ಮಾಡುತ್ತೀ. ಮುದಿಯಪ್ಪನ ಸೊಸೆಗೆ ಮೂರ್ಛೆ ಬರತೊಡಗಿತ್ತು. ಬಾಯಲ್ಲಿ ನೊರೆ, ನಾಯಿಯಂತೆ ಕೂಗುವುದು. ಇದು ಬಾನಾಮತಿ, ಮಾಟ ಮಾಡಿದವರು ಓಣಿಯಲ್ಲೇ ಇದ್ದಾರೆ ಎಂದು ಮಾತೆದ್ದಿತು. ಗಾಳೆಮ್ಮಾಯಿ ಸೂಲಗಿತ್ತಿ, ಒಂಟಿ ಹೆಂಗಸು, ಬೇರುನಾರು ಬಲ್ಲವಳು. ಇನ್ನಾರ ಹೆಸರು ಬಂದೀತು? ಹಲ್ಲು ಕಿತ್ತರೆ ಮಂತ್ರ ತೊದಲುತ್ತದೆ, ಮಾಟ ಮುರಿಯುತ್ತದೆ ಎಂಬ ನಂಬಿಕೆ ನಿನಗೂ ಗೊತ್ತು. ನಡುಮಧ್ಯಾಹ್ನ ಊರ ಕಟ್ಟೆಯ ಹತ್ತಿರ, ದೃಷ್ಟಿ ತಾಗಬಾರದೆಂದು ಅವಳ ಕಣ್ಣಿಗೆ ಅರಿವೆ ಕಟ್ಟಿ, ಇಕ್ಕಳದಿಂದ ಮುಂದಿನ ಆರು ಹಲ್ಲು ಕಿತ್ತರು. ಅವರಲ್ಲಿ ನಾನೂ ಇದ್ದೆ.

ಅಂದು ಬೆಳಿಗ್ಗೆಯೇ ಗಂಗಾವತಿ ಬಸ್ಸಿಳಿದಿದ್ದೆ. ಗುಂಪು ಕಂಡು ಹೋದೆ, ಅಷ್ಟರಲ್ಲಾಗಲೇ ಅವಳ ಕಣ್ಣಿಗೆ ಅರಿವೆ ಕಟ್ಟಿದ್ದರು. "ಏ ತಮ್ಮಾ, ಸುಮ್ನ ಯಾಕ ನಿಂತಿ, ಬಾ, ಕಾಲು ಹಿಡಿ" ಅಂದ ಮುದಿಯಪ್ಪ. ಹಿಡಿದೆ. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ, ಅವ್ವನ ಆಣೆ. ಬಾನಾಮತಿಯನ್ನು ನಂಬಿದ್ದೆನೋ ಇಲ್ಲವೋ, ಅದೂ ನೆನಪಿಲ್ಲ. ಎತ್ತಿಗೆ ಲಾಳ ಹೊಡೆಯುವಾಗ ಕರೆದರೆ ಹೋಗಿ ಹಿಡಿಯುವುದಿಲ್ಲವೇ, ಹಾಗೆ. ಒದ್ದಾಡಿದಳು. ಜಾರದಂತೆ ಗಟ್ಟಿ ಹಿಡಿಯಬೇಕು ಎಂಬುದೊಂದೇ ನನ್ನ ತಲೆಯಲ್ಲಿ. ಥೂ, ನನ್ನ ಬಾಳುವೆಗಿಷ್ಟು! ಒಬ್ಬ ತಲೆ ಹಿಡಿದ, ಇಬ್ಬರು ಕೈ, ಇನ್ನೊಬ್ಬ ನೀರಿನ ತಂಬಿಗೆ ಹಿಡಿದು ನಿಂತಿದ್ದ. ಎಲ್ಲರೂ ನಮ್ಮವರೇ, ಯಾರ ಮನೆಯಲ್ಲಿ ಸಾವಾದರೂ ಮೊದಲು ಓಡಿ ಬರುವವರು. ಬೇಡ್ರಪ್ಪೋ ಎಂಬ ಮಾತು ಬಾಯಿತನಕ ಬಂದಿತ್ತು. ಯಾರಾದರೂ ಮೊದಲು ಅನ್ನಲಿ ಎಂದು ಕಾದೆ. ಅವರೂ ಹಾಗೇ ಕಾದಿದ್ದರೋ ಏನೋ.

ಸೊಸೆಯನ್ನು ಆಮೇಲೆ ಕೊಪ್ಪಳದ ಡಾಕ್ಟರಿಗೆ ತೋರಿಸಿದರು, ಗುಳಿಗೆ ನುಂಗಿ ಛಲೋ ಇದ್ದಾಳೆ. ಊರವರು ಮಾತ್ರ "ಹಲ್ಲು ಕಿತ್ತಿದ್ದಕ್ಕ ಆರಾಮ ಆತು ನೋಡ್ರಿ" ಅನ್ನುತ್ತಾರೆ. ನಾನೂ ನಾಲ್ಕು ದಿನ ಹಾಗೇ ಅಂದುಕೊಂಡೆ. ನಿದ್ದೆಯೂ ಬಂತು, ಸುಳ್ಳು ಹೇಳಲಾರೆ. ಈಗ ಬರುತ್ತಿಲ್ಲ. ಭಾಳ ಸಾಕಾಗಿದೆ ತಂಗಿ.

ಯಜಮಾನರಿಗೆ ಶರಣು, ಮಕ್ಕಳಿಗೆ ನನ್ನ ಮುತ್ತು. ಹುಲಿಗೆಮ್ಮ ದೇವಿ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ ಅಣ್ಣ,
ಗ್ಯಾನಪ್ಪ

ತಾ.ಕ.: ಮರೆತಿದ್ದೆ ಅಂದರೆ ಸುಳ್ಳಾದೀತು. ಗಾಳೆಮ್ಮಾಯಿಗೆ ದಿನಾ ಅಂಬಲಿ ಒಯ್ದು ಕೊಡುತ್ತೇನೆ. ಊರವರ್ಯಾರೂ ಬಾಯಿ ಬಿಟ್ಟಿಲ್ಲ; ನಾನು ಮರುದಿನ ಬಂದೆನೆಂದೇ ಅವಳು ತಿಳಿದಿದ್ದಾಳೆ. ಇವತ್ತು ನನ್ನ ಗದ್ದ ಹಿಡಿದು, "ನೀ ಊರಾಗ ಇದ್ದಿದ್ರ ಇದನ್ನ ಆಗಗೊಡ್ತಿದ್ದಿಲ್ಲ, ನನ್ನಪ್ಪಾ" ಅಂದಳು. ಹೂಂ ಅಂದೆ. ಹುಲಿಗೆವ್ವಾ, ಹೇಳಲು ನನಗೆ ಬಾಯಿ ಬರುತ್ತಿಲ್ಲ. ಹುಣ್ಣಿಮೆಯೊಳಗೆ ಬಾ. ಈ ಕಾಗದವನ್ನು ಅವಳಿಗೆ ಓದಿ ಹೇಳು. ನಾನು ಅಲ್ಲೇ ಕೂತಿರುತ್ತೇನೆ.