ಮಂಗಳ ಒಡ್ಡಿದ ಅಂಗೈ

ಶಿಕಾರಿಪುರ
೧೦-೧೧-೧೯೫೮, ಸೋಮವಾರ

ನನ್ನವಳು ಮಂಗಳ ಇವತ್ತೂ ಉಣ್ಣಲಿಲ್ಲ. ಶನಿವಾರ ಅಂಜನಾಪುರದ ಕಾಲುವೆಯಲ್ಲಿ ಬಟ್ಟೆ ಒಗೆಯುವಾಗ ಶಿವದಾರ ಹರಿದು ಅವಳ ಕೊರಳಿನ ಲಿಂಗ ನೀರುಪಾಲಾಯಿತು. ಆಳುಗಳನ್ನು ಇಳಿಸಿ ಕೆಸರೆಲ್ಲ ಜಾಲಾಡಿಸಿದೆ, ಸಿಗಲಿಲ್ಲ. ಮೈಮೇಲೆ ಲಿಂಗವಿಲ್ಲದೆ ಉಣ್ಣಬಾರದೆಂದು ಅಂದಿನಿಂದ ಬರೀ ಗುಟುಕು ನೀರು.

ಬೆಳಿಗ್ಗೆ ಮಠದ ಅಯ್ಯನವರೇ ಹೊಸ ಲಿಂಗ ತಂದರು. "ಇದನ್ನ ಕಟ್ಕೊಂಡು ಉಣ್ಣು ತಾಯಿ, ದೋಷ ಇಲ್ಲ" ಅಂದರು. ಮಂಗಳ ಒಲ್ಲೆನೆಂದು ತಲೆಯಾಡಿಸಿಬಿಟ್ಟಳು.

ಅವರು ಹೋದ ಮೇಲೆ ನಾನು ಕೂಗಾಡಿದೆ. "ಅಯ್ಯನೋರೇ ಉಪವಾಸ ಬೇಡ ಅಂದ್ಮೇಲೆ ನಿಂದೇನು ಹಟ?"

"ಯಾರೂ ಹೇಳಿ ಮಾಡ್ತಿರೋದಲ್ಲ ರೀ. ಕಳಕೊಂಡಿದ್ದರ ಜಾಗಕ್ಕೆ ಇನ್ನೊಂದು ಕಟ್ಕೊಳ್ಳೋಕೆ ನನ್ನ ಮನಸ್ಸೇ ಒಪ್ಪವಲ್ದು."

ಆಚಾರ ಪಾಲಿಸುವುದು ಬಿಡುವುದು ಅವರವರ ಇಷ್ಟ ಅಂತ ಗೆಳೆಯರ ಮುಂದೆ ಗಂಟೆಗಟ್ಟಲೆ ಮಾತಾಡಿದವನು ನಾನು.

ಊಟದ ಹೊತ್ತಿಗೆ ಅವಳೇ ಕರೆದಳು. ದನಿ ಇಳಿದುಹೋಗಿದೆ. "ನಿಮ್ಮ ಲಿಂಗನಾದ್ರೂ ಒಂದು ಸಲ ನನ್ನ ಕೈಯಾಗೆ ಇಡ್ರಿ. ಕಣ್ಣಿಗೊತ್ತಿಕೊಂಡು ಒಂದು ತುತ್ತು ತಿಂತೀನಿ."

ನನ್ನ ಎದೆಯ ಮೇಲಿನ ಬೆಳ್ಳಿ ಕರಡಿಗೆಯಲ್ಲಿ ಲಿಂಗವಿಲ್ಲ. ನಂಬಿಕೆ ಹೋಯಿತೆಂದು ನಾಲ್ಕು ವರ್ಷದ ಹಿಂದೆಯೇ ಬಂದಳಿಕೆಯ ಪಾಳು ಗುಡಿಯಲ್ಲಿ ಇಟ್ಟು ಬಂದೆ. ಕರಡಿಗೆ ಮಾತ್ರ ಅಪ್ಪನ ಹೆದರಿಕೆಗೆ ಬಿಚ್ಚಲಿಲ್ಲ. ಹಗುರ ಅನ್ನಿಸಬಾರದೆಂದು ಒಳಗೊಂದು ಅಡಿಕೆ ಹಾಕಿಕೊಂಡಿದ್ದೇನೆ.

"ಕೈ ತೊಳ್ಕೊಂಡು ಬರ್ತೀನಿ" ಅಂದು ಇಲ್ಲಿ ಜಗಲಿಗೆ ಬಂದು ಇದನ್ನು ಬರೆಯುತ್ತ ಕೂತಿದ್ದೇನೆ. ಒಳಗೆ ಅವಳು ಅಂಗೈ ಒಡ್ಡಿಕೊಂಡೇ ಇದ್ದಾಳೆ.

"ತೊಳ್ಕೊಂಡ್ರೇನ್ರಿ?" ಅಂತ ಈಗ ಎರಡನೆಯ ಸಲ ಕೇಳಿದಳು.