ಬಂದಾಗ ಕೊಡುವ ಫೋಟೊ

ಮಾರ್ಚ್ ೯, ಭಾನುವಾರ

ಗೆಳೆಯ ಬೈರಿಗೆ,

ನಾನು ಕ್ಷೇಮ. ಅಲ್ಲಿ ನೀನು, ತಂಗಿ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನನ್ನವಳು, ನಿನ್ನ ಅತ್ತಿಗೆ, ತೀರಿಕೊಂಡಾಗ ನೀನು ಬರೆದ ಪತ್ರಕ್ಕೆ ಎರಡು ವರ್ಷ ಕಳೆದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಬೈಯಬೇಕೆನಿಸಿದರೆ ಬೈದುಬಿಡು. ಇಲ್ಲಿ ಬೈಯಲಿಕ್ಕೂ ಜನ ಇಲ್ಲ.

ಸುದ್ದಿ ಏನೆಂದರೆ, ನಮ್ಮ ಊರಿಗೂ ಚರಿತ್ರೆ ಬಂದಿದೆ. ಲೈಬ್ರರಿಯ ಹುಡುಗಿ ಎಣ್ಣೆಬಾವಿಗಳ ಕಾಲದ ಬಗ್ಗೆ ಒಂದು ಪ್ರದರ್ಶನ ಮಾಡುತ್ತಾಳಂತೆ. ನಮ್ಮ ತಲೆಯ ಜೊತೆಗೆ ನೀನು ನೆಲವನ್ನೂ ಕೊರೆದೆಯಲ್ಲ, ಆ ಮೂರನೇ ಬಾವಿಯ ತುಕ್ಕು ಹಿಡಿದ ಗೋಪುರಕ್ಕೆ ಬೇಲಿ ಹಾಕಿ ಬೋರ್ಡು ನೆಟ್ಟಿದ್ದಾರೆ. ನಾವು ತೆಗೆದ ಎಣ್ಣೆ ಎಲ್ಲೆಲ್ಲೋ ಹೋಗಿ, ಪೆಟ್ರೋಲಾಗಿ ನನ್ನ ಪಂಪಿಗೇ ವಾಪಸು ಬರುತ್ತಿತ್ತು. ಎಣ್ಣೆಗಾದರೂ ವಾಪಸು ಬರುವ ಬುದ್ಧಿ ಇತ್ತು.

ಆ ಹುಡುಗಿ ಹೋದ ವಾರ ಪಂಪಿಗೇ ಬಂದಳು. "ತಾತ, ಊರು ಬಿಟ್ಟೋರ ಫೋಟೊ ಎಲ್ಲಾ ನಿಮ್ಮ ಹತ್ರ ಇದೆಯಂತಲ್ಲ?" ಅಂದಳು. ನಿನಗೆ ನೆನಪಿರಬೇಕು. ಕಂಪನಿ ಮುಚ್ಚಿದ ಮೇಲೆ ಹೊರಟವರೆಲ್ಲ ಕೊನೆಯ ಸಲ ನಮ್ಮಲ್ಲೇ ಟ್ಯಾಂಕು ತುಂಬಿಸುತ್ತಿದ್ದರು. ಆಮೇಲೆ ಪಂಪಿನ ಪಕ್ಕ ನಿಲ್ಲಿಸಿ ಒಂದು ಫೋಟೊ. "ಕಳಿಸೋದೆಲ್ಲ ಇಲ್ಲ, ಬಂದಾಗ ತಗೊಂಡು ಹೋಗಿ" ಎಂಬುದು ನಿನ್ನ ಅತ್ತಿಗೆಯ ಕಟ್ಟಪ್ಪಣೆ. ಫೋಟೊ ಆಸೆಗಾದರೂ ಬರುತ್ತಾರೆ ಎಂದು ಅವಳ ಲೆಕ್ಕಾಚಾರ. ಯಾರೂ ಬರಲಿಲ್ಲ, ಬಿಸ್ಕತ್ತಿನ ಡಬ್ಬಿ ತುಂಬಿತು.

ಹುಡುಗಿ ಒಂದೊಂದನ್ನೇ ತೆಗೆದು ಇವರು ಯಾರು ಎಂದು ಕೇಳಿದಳು. ವೆಲ್ಡಿಂಗಿನವನು, ಅವನ ಜಗಳಗಂಟಿ ಅತ್ತೆ, ಕಂಕುಳಲ್ಲಿ ಕೋಳಿ ಹಿಡಿದುಕೊಂಡ ನರ್ಸಮ್ಮ. ಗಾಜಿನ ಬುರುಡೆಯ ಹಳೆ ಪಂಪು ಎಲ್ಲದರಲ್ಲೂ ಮನೆಯ ಹಿರಿಯನ ಹಾಗೆ ನಿಂತಿದೆ. ಇಷ್ಟು ಜನರನ್ನು ಒಟ್ಟಿಗೆ ನೋಡಿ ಎಷ್ಟು ಕಾಲವಾಗಿತ್ತೋ. ಅವಳು ಹೋದ ಮೇಲೆ ಕಟ್ಟೆಯ ಮೇಲೆ ಕೂತೇ ಇದ್ದೆ. ಸಂಜೆಯವರೆಗೆ ಹಾಲಿನ ವ್ಯಾನು ಬಿಟ್ಟರೆ ಯಾವ ಗಾಡಿಯೂ ನಿಲ್ಲಲಿಲ್ಲ.

ಡಬ್ಬಿಯನ್ನು ಕೊಟ್ಟುಬಿಟ್ಟೆ ಕಣೋ. ನಿಮ್ಮ ಮನೆಯವರದ್ದೊಂದನ್ನು ಮಾತ್ರ ತೆಗೆದಿಟ್ಟುಕೊಂಡೆ.

"ಇದ್ಯಾಕೆ ತಾತ?"

"ಅವನು ಬರ್ತಾನಮ್ಮ. ಬಂದಾಗ ಕೊಡಬೇಕು."

ಈ ಬೇಸಿಗೆ ಕಳೆದರೆ ಪಂಪು ಮುಚ್ಚುತ್ತದೆ. ಅಷ್ಟರಲ್ಲಿ ಒಮ್ಮೆ ಬಂದು ಹೋಗು. ಕಾಲುನೋವು ಗೀಲುನೋವು ಎಂದು ನೆಪ ಹೇಳಬೇಡ. ಮಕ್ಕಳಿಗೆ ನನ್ನ ಆಶೀರ್ವಾದ. ನಿನ್ನನ್ನು ಇಷ್ಟು ವರ್ಷ ಸಹಿಸಿಕೊಂಡ ತಂಗಿಗೆ ಎಲ್ಲ ಒಳ್ಳೆಯದಾಗಲಿ.

ನಿನ್ನ
ಪಂಪಿನವನು

ತಾ.ಕ.: ಹುಡುಗಿಗೆ ಹೇಳಿದ್ದು ಅರ್ಧ ಸತ್ಯ. ಅಷ್ಟೂ ಫೋಟೊ ತೆಗೆದವಳು ನಿನ್ನ ಅತ್ತಿಗೆ. ಹೋದವರೆಲ್ಲರ ಮುಖ ಡಬ್ಬಿಯಲ್ಲಿತ್ತು, ಉಳಿದವಳದ್ದು ಒಂದೂ ಇಲ್ಲ. ನಮ್ಮ ಮದುವೆಯಲ್ಲೂ ತೆಗೆಸಿರಲಿಲ್ಲ, ನಿನಗೆ ಗೊತ್ತು. "ನೀನೂ ಒಂದ್ಸಲ ನಿಂತ್ಕೊಳ್ಳೇ" ಅಂದರೆ, "ನಾನೆಲ್ಲಿಗೆ ಹೋಗ್ತೀನಿ?" ಅನ್ನುತ್ತಿದ್ದಳು. ನೀವು ಹೊರಟದ್ದು ಸಂಜೆ, ಬಿಸಿಲು ಅವಳ ಬೆನ್ನಿಗಿತ್ತು. ಫೋಟೊದಲ್ಲಿ ನಿನ್ನ ಕಾಲ ಹತ್ತಿರ ಅವಳ ನೆರಳು ಬಿದ್ದಿದೆ, ಕ್ಯಾಮೆರಾ ಹಿಡಿದು ಎರಡೂ ಮೊಣಕೈ ಅಗಲಿಸಿಕೊಂಡು. ನನ್ನ ಹತ್ತಿರ ಇರುವುದು ಅಷ್ಟೇ. ನೀನು ಬಾ. ಆದರೆ ಫೋಟೊ ಕೊಡಲಾರೆ, ನೋಡಿಕೊಂಡು ಹೋಗು.